ಜಯಂತನನ್ನು ಯಾರೂ ಮಾರಲಿಲ್ಲ

ಕಳೆದ ಮಾರ್ಚಿನಲ್ಲಿ ನಾನು ಆರೂಕಾಲು ಅಡಿ ಎತ್ತರದ ಒಬ್ಬ ಗಂಡಸನ್ನು ಮಾರಿದೆ. ಒಂದು ಕೈಯಲ್ಲಿ ಲಟ್ಟಣಿಗೆ, ಇನ್ನೊಂದು ಕೈಯಲ್ಲಿ ಫೋನು. ಕಾವಲಿಯ ಮೇಲಿದ್ದ ಚಪಾತಿ ಉಬ್ಬುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು.

ಗಾಬರಿ ಬೇಡ. ಪೊಲೀಸರಿಗೆ ಫೋನ್ ಮಾಡುವಂಥದ್ದೇನೂ ಆಗಿಲ್ಲ. ಅವನಿರುವುದು ಆಸ್ಟ್ರೇಲಿಯಾದಲ್ಲಿ, ನಾನಿರುವುದು ಪುತ್ತೂರಿನಲ್ಲಿ. ನಾನು ಮಾರಿದ್ದು ಅವನಿಗೆ ಗೊತ್ತೇ ಇಲ್ಲ. (ಕೊಂಡದ್ದೂ ಗೊತ್ತಿರಲಿಲ್ಲ ಬಿಡಿ.)

ಇದಕ್ಕೆಲ್ಲ ಕಾರಣ ಲಿಜಿ. ನೆಲ್ಯಾಡಿಯ ಮಲಯಾಳಿ ಮನೆಯವಳು. ಫಿಸಿಯೋಥೆರಪಿ ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಹಾಸ್ಟೆಲಿನಲ್ಲಿ ನನ್ನ ಬಕೆಟನ್ನು ಕೇಳದೆ ಒಯ್ಯುತ್ತಿದ್ದವಳು. ಈಗ ಅಡಿಲೇಡಿನಲ್ಲಿ ಯಾರ್‍ಯಾರದೋ ಬೆನ್ನು ನೆಟ್ಟಗೆ ಮಾಡುತ್ತಾ ಇದ್ದಾಳೆ. ಅಲ್ಲಿನವರಿಗೆ ಫುಟ್‌ಬಾಲ್ ಎಂದರೆ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ಜಾಗ, ಕೈಯಲ್ಲೂ ಹೊಡೆಯಬಹುದು ಕಾಲಲ್ಲೂ ಒದೆಯಬಹುದು, ತಲೆಗೆ ಹೆಲ್ಮೆಟ್ ಇಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹಾರಿ ಚೆಂಡು ಹಿಡಿಯುತ್ತಾನೆ. ಮೊದಲ ಸಲ ನೋಡಿದಾಗ ನನಗನಿಸಿದ್ದು ಒಂದೇ: ಇವರ ಮೊಣಕಾಲಿನ ಗತಿಯೇನು?

ಹಳೆಯ ಕ್ಲಾಸ್‌ಮೇಟುಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದೇವೆ, ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಮಾತೇ ಇಲ್ಲ ಎಂದು ಲಿಜಿ ಒಂದು ಫ್ಯಾಂಟಸಿ ಲೀಗ್ ಶುರು ಮಾಡಿದಳು. ಅಲ್ಲಿನ ನಿಜವಾದ ಆಟಗಾರರನ್ನು ಸೇರಿಸಿ ಫೋನಿನಲ್ಲಿ ನೀವೊಂದು ತಂಡ ಕಟ್ಟಬೇಕು. ಅವರು ನಿಜವಾದ ಮ್ಯಾಚಿನಲ್ಲಿ ಹೇಗೆ ಆಡುತ್ತಾರೋ ಅದರ ಮೇಲೆ ನಿಮಗೆ ಪಾಯಿಂಟ್. ಪ್ರತಿಯೊಬ್ಬನಿಗೂ ಒಂದು ಸುಳ್ಳು ಬೆಲೆ. ಚೆನ್ನಾಗಿ ಆಡಿದರೆ ಏರುತ್ತದೆ, ಹಾಳಾಗಿ ಆಡಿದರೆ ಇಳಿಯುತ್ತದೆ. ಒಬ್ಬನನ್ನು ಮಾರಿ ಇನ್ನೊಬ್ಬನನ್ನು ತರಬಹುದು, ಅದಕ್ಕೆ ಟ್ರೇಡ್ ಅನ್ನುತ್ತಾರೆ. ನಿಜವಾದ ಒಂದು ರೂಪಾಯಿಯೂ ಇದರಲ್ಲಿ ಇಲ್ಲ. (ಆನ್‌ಲೈನ್ ಜೂಜಿಗೆ ಪ್ರಚಾರ ಕೊಡುತ್ತೀರಾ ಎಂದು ಸಂಪಾದಕರಿಗೆ ಪತ್ರ ಬರೆಯಲು ಹೊರಟವರು ಪೆನ್ನು ಕೆಳಗಿಡಿ.)

ಮೊದಲ ವರ್ಷ ನಾನೇ ಕೊನೆ. ಚಂದದ ಮುಖದವರನ್ನೆಲ್ಲ ಕೊಂಡಿದ್ದೆ. ಆಮೇಲೆ ಲಿಜಿ ಪಾಠ ಮಾಡಿದಳು.

"ಎಡೀ, ಕೇಳು. ಇಡೀ ಸೀಸನ್ ಗೆಲ್ಲುದು ಸೋಲುದು ಶುರುವಿನ ನಾಲ್ಕು ವಾರದಲ್ಲಿ. ಮೊದಲ ವಾರ ಒಬ್ಬ ದೊಡ್ಡ ಆಟಗಾರ ಸರಿ ಆಡ್ಲಿಲ್ಲ ಅಂತ ಮಂಡೆಬಿಸಿ ಮಾಡಿ ಮಾರ್ಬೇಡ. ಅವ ಬರ್ತಾನೆ. ಆದ್ರೆ ಮೂರು ಮ್ಯಾಚ್ ಆದ್ಮೇಲೆ ಎಲ್ಲರ ಬೆಲೆ ಅಲ್ಲಾಡ್ಲಿಕ್ಕೆ ಶುರು ಆಗ್ತದೆ. ಅದರ ಮುಂಚೆ ನಿನ್ನ ತಪ್ಪನ್ನೆಲ್ಲ ತಿದ್ದಿಕೊಳ್ಬೇಕು."

ಹೊಸಬರ ವಿಷಯದಲ್ಲಿ ಅವಳ ಸೂತ್ರ ಬೇರೆ. ಅಗ್ಗಕ್ಕೆ ಸಿಗುವ ಹೊಸ ಹುಡುಗರನ್ನು ಕೊಳ್ಳಬೇಕು. ಅವರು ಆಡಿ ಆಡಿ ಬೆಲೆ ಏರಿದ ಮೇಲೆ, ಇನ್ನು ಏರುವುದಿಲ್ಲ ಎನ್ನುವ ಹೊತ್ತಿಗೆ ಮಾರಿ, ಆ ಬೆಲೆಗೆ ದೊಡ್ಡವನನ್ನು ತರಬೇಕು. ಇದಕ್ಕೆ ಆ ದೇಶದಲ್ಲಿ ಫ್ಯಾಂಟಸಿ ಆಡುವವರು ಬಳಸುವ ಮಾತೇ ಕೊಬ್ಬಿಸುವುದು. ನೆಲ್ಯಾಡಿಯಲ್ಲಿ ಲಿಜಿಯ ಅಪ್ಪ ಬ್ರಾಯ್ಲರ್ ಕೋಳಿ ಸಾಕುತ್ತಿದ್ದರು. ಅವಳಿಗೆ ಈ ಭಾಗ ಬೇಗ ಅರ್ಥವಾಗಿರಬೇಕು.

ಇನ್ನು ಗಾಯಾಳುಗಳು. "ಒಂದು ವಾರ ಎರಡು ವಾರದ್ದಾದ್ರೆ ಇಟ್ಟುಕೋ. ಅದಕ್ಕಿಂತ ಜಾಸ್ತಿ ಅಂತಾದ್ರೆ ಬಿಡು, ಯೋಚನೆಯೇ ಮಾಡ್ಬೇಡ. ಟ್ರೇಡ್ ಇರುದೇ ಲೆಕ್ಕದಷ್ಟು. ಆದ್ರೆ ಗಾಯದವನನ್ನು ಪ್ರೀತಿಯಿಂದ ಇಟ್ಟುಕೊಂಡವ ಎಲ್ಲಿಯೂ ಉದ್ಧಾರ ಆಗ್ಲಿಕ್ಕಿಲ್ಲ" ಎಂದಳು.

ಇಲ್ಲಿಯೇ ನನಗೆ ದಾರಿ ತೆರೆದದ್ದು. ನನ್ನ ಕ್ಲಿನಿಕ್ಕಿಗೆ ಬಂದವರಿಗೆ ಗೊತ್ತು, ನನ್ನ ಅರ್ಧ ಆಯುಷ್ಯ ಮೊಣಕಾಲುಗಳ ಜೊತೆಯೇ ಕಳೆದಿದೆ. ಯಾರಾದರೂ ಮೈದಾನದಲ್ಲಿ ಬಿದ್ದ ವಿಡಿಯೋ ಬಂದರೆ ಸಾಕು. ಕಾಲು ಹೇಗೆ ಊರಿತು, ಮೊಣಕಾಲು ಯಾವ ಕಡೆ ಹೋಯಿತು, ಬಿದ್ದವನು ಮೊದಲು ಎಲ್ಲಿ ಕೈಯಿಟ್ಟ ಎಂದು ನೋಡುತ್ತೇನೆ. ಕ್ಲಬ್ಬಿನವರು ಸ್ಕ್ಯಾನ್ ಮಾಡಿ ಸುದ್ದಿ ಹೊರಗೆ ಬಿಡುವ ಮೊದಲೇ ನನ್ನ ತೀರ್ಮಾನ ಆಗಿರುತ್ತದೆ. ಉಳಿದವರು "ಅಯ್ಯೋ ಪಾಪ, ಏನಾಯಿತೋ" ಎಂದು ಗುಂಪಿನಲ್ಲಿ ಅಳುವ ಗೊಂಬೆ ಹಾಕುತ್ತಿರುವಾಗ ನಾನು ಮಾರಿ ಮುಗಿಸಿರುತ್ತೇನೆ.

ಚಪಾತಿಯ ದಿನ ನಾನು ಮಾರಿದವನೂ ಹಾಗೆಯೇ. ಕೆಂಪು ಕೂದಲಿನವ. ನಾವು ಅವನಿಗಿಟ್ಟ ಹೆಸರು ಕೆಂಪುಮಂಡೆ. ಎರಡನೆಯ ಮ್ಯಾಚಿನಲ್ಲಿ ಹಾರಿ ಚೆಂಡು ಹಿಡಿದ, ಇಳಿದ, ಹತ್ತಿರ ಯಾರೂ ಇರಲಿಲ್ಲ, ಎಡ ಮೊಣಕಾಲು ಒಳಗೆ ಮಡಚಿತು. ವಿಡಿಯೋ ಹತ್ತು ಸೆಕೆಂಡಿನದು. ನೋಡಿದೆ, ಲಿಗಮೆಂಟ್ ಹೋಯಿತು ಎಂದೆ, ಮಾರಿದೆ. ಅವನ ಜಾಗಕ್ಕೆ ಒಬ್ಬ ಗಟ್ಟಿಮುಟ್ಟು ಮಿಡ್‌ಫೀಲ್ಡರ್ ಬಂದ. ಲಿಜಿ ವಾಯ್ಸ್ ಮೆಸೇಜ್ ಕಳಿಸಿದಳು: "ಸಾವು ಮಾರಾಯ್ತಿ! ನಿನಗೆ ಸ್ವಲ್ಪವೂ ಕರುಣೆ ಇಲ್ಲ." ಹೊಗಳಿಕೆ ಎಂದೇ ತೆಗೆದುಕೊಂಡೆ.

ಅವನ ನಿಜವಾದ ಕ್ಲಬ್ಬು ಮಾಡಿದ್ದಾದರೂ ಏನು? ಅದೇ ವಾರ ಬೇರೊಬ್ಬನನ್ನು ಅವನ ಜಾಗದಲ್ಲಿ ಆಡಿಸಿತು. ಕೆಂಪುಮಂಡೆ ಆಪರೇಷನ್ನಿಗೆ ಹೋದ. ಯಾರೂ ಅತ್ತು ಕರೆಯಲಿಲ್ಲ. ಆಗ ನನಗೆ ಅವರೆಲ್ಲ ಕಲ್ಲು ಮನಸ್ಸಿನವರು ಅನ್ನಿಸಿದ್ದು ಸುಳ್ಳಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಅದೇ ವಾರ ಇನ್ನೊಂದು ಎಡ ಮೊಣಕಾಲು ನನ್ನ ಕ್ಲಿನಿಕ್ಕಿಗೆ ಬಂತು.

ನಮ್ಮಲ್ಲಿಯೂ ಲೀಗ್ ಇವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಪುತ್ತೂರು, ಸುಳ್ಯ, ಕಡಬದಲ್ಲಿ ಮಾರ್ಚ್ ತಿಂಗಳಲ್ಲಿ ಒಂದು ಗದ್ದೆ ಖಾಲಿ ಸಿಕ್ಕಿದರೆ ಅಲ್ಲೊಂದು ಪ್ರೀಮಿಯರ್ ಲೀಗ್ ಹುಟ್ಟುತ್ತದೆ. ಕಬಡ್ಡಿ, ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ. ತಂಡಕ್ಕೊಬ್ಬ ಮಾಲೀಕ, ಹಾಲ್‌ನಲ್ಲಿ ಆಟಗಾರರ ಹರಾಜು, ಮೈಕಿನಲ್ಲಿ ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ತಂಡಕ್ಕೂ ಒಬ್ಬ ಐಕಾನ್ ಆಟಗಾರ. ಹರಾಜಾದ ಕೂಡಲೇ ಅವನ ಕೊರಳಿಗೆ ಮಾಲೆ. ಮಾರನೆಯ ದಿನ ಜಂಕ್ಷನ್ನಿನಲ್ಲಿ ಅವನ ಫೋಟೋದ ಫ್ಲೆಕ್ಸ್, ತೋಳು ಕಟ್ಟಿ ನಿಂತದ್ದು.

ಅಂಥ ಒಂದು ಕಬಡ್ಡಿ ಲೀಗಿನಲ್ಲಿ ನಮ್ಮ ಪಕ್ಕದ ಕುಂಬ್ರದ ತಂಡದ ಮಾಲೀಕರು ಹಮೀದಾಕ. ಟೈಲ್ಸ್, ಸಿಮೆಂಟಿನ ಅಂಗಡಿ. ಅವರಂತಹ ದೊಡ್ಡ ಮನಸ್ಸಿನವರನ್ನು ನಾನು ಹೆಚ್ಚು ನೋಡಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲ ಕುರ್ಚಿಗಳು ಅವರ ಪಿಕಪ್ಪಿನಲ್ಲಿ ಬರುತ್ತವೆ. ಅವರ ಐಕಾನ್ ಆಟಗಾರ ಜಯಂತ. ಕಡಬದವ, ಮೂವತ್ತರ ಹತ್ತಿರ. ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವ ರೈಡರ್. ವಾರದ ದಿನಗಳಲ್ಲಿ ಅವನದ್ದೇ ಒಂದು ಪಿಕಪ್. ಬಾಳೆಗೊನೆ, ತೆಂಗಿನಕಾಯಿ ತುಂಬಿಕೊಂಡು ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ. ಘಾಟಿಯಲ್ಲಿ ಲೋಡ್ ಗಾಡಿ ಓಡಿಸಿದವರಿಗೆ ಗೊತ್ತು, ತಿರುವು ತಿರುವಿಗೂ ಎಡಗಾಲು ಕ್ಲಚ್ಚಿನ ಮೇಲೆಯೇ.

ಲೀಗಿನ ಮೊದಲ ಭಾನುವಾರವೇ ಅವನ ಎಡಗಾಲು ತಿರುಚಿತ್ತು. ಸೋಮವಾರ ಬೆಳಿಗ್ಗೆ ಬಂದರು. ಒಂದು ಪಕ್ಕದಲ್ಲಿ ಹಮೀದಾಕ, ಇನ್ನೊಂದು ಪಕ್ಕದಲ್ಲಿ ಹೆಂಡತಿ ಹರಿಣಾಕ್ಷಿ, ನಡುವೆ ಕುಂಟಿಕೊಂಡು ಜಯಂತ. ಮೊಣಕಾಲು ತೆಂಗಿನಕಾಯಿ ಗಾತ್ರಕ್ಕೆ ಊದಿತ್ತು.

"ಎಂತದು ಇಲ್ಲ ಡಾಕ್ಟ್ರೆ, ಒಂಚೂರು ಉಳುಕಿದ್ದು" ಎಂದ. (ನಾನು ಡಾಕ್ಟರಲ್ಲ, ಫಿಸಿಯೋ. ಹೇಳಿ ಹೇಳಿ ಸಾಕಾಗಿದೆ.)

ಮಲಗಿಸಿ, ಮೊಣಕಾಲನ್ನು ಸ್ವಲ್ಪ ಮಡಚಿ, ಕೆಳಗಿನ ಎಲುಬನ್ನು ಮೆಲ್ಲಗೆ ಮುಂದಕ್ಕೆ ಎಳೆದೆ. ಒಂದು ಹಂತಕ್ಕೆ ಬಂದು ಗಟ್ಟಿಯಾಗಿ ನಿಲ್ಲಬೇಕು. ನಿಂತಿತು, ಆದರೆ ತಡವಾಗಿ ನಿಂತಿತು. ಎಂಆರ್‌ಐ ಮಾಡಿಸಿ ಮೂಳೆ ಡಾಕ್ಟರಿಗೆ ತೋರಿಸಿ ಎಂದೆ. ಸಂಜೆಯೊಳಗೆ ಮಾಡಿಸಿದರು, ಹಮೀದಾಕರೇ ಕರೆದುಕೊಂಡು ಹೋದರು. ಮೂಳೆ ಡಾಕ್ಟರು ಹೇಳಿದ್ದೂ ನಾನು ಅಂದುಕೊಂಡದ್ದೇ. ಒಳಗಿನ ಲಿಗಮೆಂಟ್ ಅರ್ಧ ಹರಿದಿದೆ, ಅರ್ಧ ಉಳಿದಿದೆ.

ಈ ಅರ್ಧ ಎನ್ನುವುದು ದೊಡ್ಡ ಪುಣ್ಯ. ಆಪರೇಷನ್ ಬೇಡ. ಕಾಲಿಗೆ ವಿಶ್ರಾಂತಿ, ಆಮೇಲೆ ವ್ಯಾಯಾಮ, ಈ ವರ್ಷ ಕಬಡ್ಡಿ ಇಲ್ಲ. ಮಳೆಗಾಲ ಶುರುವಾಗುವಾಗ ಗಾಡಿ ಓಡಿಸಬಹುದು, ಮುಂದಿನ ವರ್ಷ ಕಬಡ್ಡಿಯನ್ನೂ ಆಡಬಹುದು. ಆದರೆ ಉಳಿದಿರುವ ಅರ್ಧದ ಮೇಲೆ ಈಗ ಏಳು ಜನ ಬಿದ್ದರೆ, ಆ ಕಾಲು ಅವನ ಕೈತಪ್ಪಿ ಹೋಗುತ್ತದೆ. ಇಷ್ಟನ್ನೂ ಮೂವರಿಗೂ ಕೂರಿಸಿ ಹೇಳಿದೆ. ಕೆಂಪುಮಂಡೆಗೆ ಹತ್ತು ಸೆಕೆಂಡಿನಲ್ಲಿ ತೀರ್ಪು ಕೊಟ್ಟವಳಿಗೆ ಈ ಮಾತು ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯಿತು.

ಹರಿಣಾಕ್ಷಿ ಕೇಳಿದ್ದು ಒಂದೇ ಪ್ರಶ್ನೆ. "ಕ್ಲಚ್ ತುಳಿಬೋದಲ್ವಾ ಡಾಕ್ಟ್ರೆ, ಮತ್ತೆ?"

"ಈಗ ಸುಮ್ಮನೆ ಕೂತರೆ ಖಂಡಿತ ತುಳಿಯಬಹುದು" ಎಂದೆ. ಅವಳು ಉಸಿರು ಬಿಟ್ಟಳು.

ನಮ್ಮ ಕಬಡ್ಡಿ ಲೀಗಿನಲ್ಲಿ ಒಂದು ನಿಯಮ ಇತ್ತು. ಎರಡನೆಯ ಭಾನುವಾರದ ಒಳಗೆ ಗಾಯಾಳುವಿನ ಹೆಸರು ತೆಗೆದು ಬದಲಿ ಆಟಗಾರನನ್ನು ಸೇರಿಸಬಹುದು. ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದ ಸುಳ್ಯದ ಒಬ್ಬ ರೈಡರ್ ಸಿದ್ಧನಿದ್ದ. ಒಮ್ಮೆ ಹೆಸರು ತೆಗೆದರೆ ಆ ಸೀಸನ್ನಿನಲ್ಲಿ ಜಯಂತ ಮತ್ತೆ ಆಡುವಂತಿಲ್ಲ. ಕೇಳಿ ನನಗೆ ಖುಷಿಯಾಯಿತು. ಅವನನ್ನು ಕಬಡ್ಡಿ ಅಂಕಣದಿಂದ ದೂರ ಇಡಲು ಇದಕ್ಕಿಂತ ಒಳ್ಳೆಯ ಬೀಗ ಎಲ್ಲಿ ಸಿಗಬೇಕು?

ಗುರುವಾರ ಹಮೀದಾಕ ಫೋನ್ ಮಾಡಿದರು. "ಡಾಕ್ಟ್ರೆ, ನೀವೊಮ್ಮೆ ಅಂಗಡಿಗೆ ಬಂದು ನಮ್ಮ ತಂಡದವರಿಗೆ ಹೇಳ್ಬೇಕು. ನಾನು ಹೇಳಿದ್ರೆ ಅವರಿಗೆ ಅರ್ಥ ಆಗುದಿಲ್ಲ." ಸಂಜೆ ಹೋದೆ. ಇಡೀ ತಂಡ ಸಿಮೆಂಟ್ ಮೂಟೆಗಳ ಮೇಲೆ ಕೂತಿತ್ತು. ಜಯಂತನಿಗೆ ಮಾತ್ರ ಕುರ್ಚಿ, ಕಾಲಿಡಲು ಇನ್ನೊಂದು ಕುರ್ಚಿ. ಶರಬತ್ತು ಬಂತು. ನಾನು ಹೇಳಬೇಕಾದದ್ದನ್ನು ಹೇಳಿದೆ. ಕೊನೆಗೆ, "ಬದಲಿ ಹಾಕಿ. ಸುಳ್ಯದವನನ್ನು ಸೇರಿಸಿಕೊಳ್ಳಿ" ಎಂದೆ.

ಹೆಣದ ಮನೆಯಲ್ಲಿ ಕುಶಾಲು ಮಾಡಿದ ಹಾಗಾಯಿತು.

ಹಮೀದಾಕ ಶರಬತ್ತಿನ ಗ್ಲಾಸು ಕೆಳಗಿಟ್ಟರು. "ಆಡುದು ಬೇಡ ಡಾಕ್ಟ್ರೆ, ಅದು ನಾವೂ ಒಪ್ಪಿದ್ದೇವೆ. ಆದ್ರೆ ಹೆಸರು ತೆಗಿಯುದು ಹೇಗೆ? ನಾನು ಹರಾಜಿನಲ್ಲಿ ಕೂಗಿ ಕರ್ಕೊಂಡು ಬಂದದ್ದು. ಎಲ್ಲರ ಎದುರು ಮಾಲೆ ಹಾಕಿದ್ದು. ಒಂದು ಮ್ಯಾಚಿಗೆ ಕಾಲು ನೋವು ಅಂತ ಬಿಟ್ರೆ ಅವನ ಮನಸ್ಸಿಗೆ ಎಂತ ಆಗ್ಬೋದು? ನಾಳೆ ಕಡಬ ಪೇಟೆಯಲ್ಲಿ ಅವ ತಲೆ ಎತ್ತಿ ನಡಿಬೇಡ್ವಾ?"

"ತಲೆ ಎತ್ತಿ ನಡೆಯಲಿಕ್ಕೆ ಮೊದಲು ಕಾಲು ಬೇಕಲ್ಲ ಹಮೀದಾಕ?"

"ಅವ ಬೆಂಚಲ್ಲಿ ಕೂರ್ತಾನೆ. ಜೆರ್ಸಿ ಹಾಕಿ ಕೂರ್ಲಿ. ಅವ ಅಲ್ಲಿದ್ರೆ ಸಾಕು, ನಮ್ಮವರಿಗೆ ಧೈರ್ಯ."

ನನಗೆ ಸಿಟ್ಟು ಬಂತು. ನೀವೇ ಹೇಳಿ, ತಂಡ ಸೋಲುತ್ತಿರುವಾಗ ಜೆರ್ಸಿ ಹಾಕಿಕೊಂಡು ಬೆಂಚಿನಲ್ಲಿ ಸುಮ್ಮನೆ ಕೂತ ಕಬಡ್ಡಿ ಆಟಗಾರನನ್ನು ಈ ತಾಲೂಕಿನಲ್ಲಿ ಯಾರಾದರೂ ಕಂಡದ್ದುಂಟಾ? ಅದನ್ನೇ ಹೇಳಿದೆ. "ಹೆಸರು ಇದ್ದರೆ ಇವನು ಇಳಿಯುತ್ತಾನೆ. ಹೆಸರೇ ತೆಗೆಯಿರಿ. ನನ್ನ ಫೋನಿನ ತಂಡದಲ್ಲಾಗಿದ್ದರೆ ನಾನು ಸೋಮವಾರವೇ ತೆಗೆದಿರುತ್ತಿದ್ದೆ."

ಆ ಕೊನೆಯ ಮಾತು ಬೇಡವಾಗಿತ್ತು. ತಂಡದ ಕ್ಯಾಪ್ಟನ್ ನಕ್ಕ. "ಇದು ನಿಮ್ಮ ಫೋನಿನ ಆಟ ಅಲ್ಲ ಡಾಕ್ಟ್ರೆ. ಇಲ್ಲಿ ಮನುಷ್ಯರು ಆಡುದು." ಎಲ್ಲರೂ ನಕ್ಕರು. ಜಯಂತನೂ ನಕ್ಕ. ಹಮೀದಾಕ ಮಾತ್ರ ನಗಲಿಲ್ಲ. ಜಯಂತನ ಹೆಗಲ ಮೇಲೆ ಕೈಯಿಟ್ಟು, "ಒಂದು ಕಾಲಿದ್ರೂ ಇವ ನಮ್ಮವನೇ. ಬದಲಿ ಬೇಡ" ಎಂದರು. ಜಯಂತನ ಕಣ್ಣು ತುಂಬಿತು. ಆ ಕಣ್ಣು ನೋಡಿದ ಕೂಡಲೇ ನನಗೆ ಹೆದರಿಕೆಯಾಯಿತು. ಅಷ್ಟು ಪ್ರೀತಿ ಕೊಟ್ಟವರಿಗೆ ಅವನು ಏನಾದರೂ ತಿರುಗಿ ಕೊಡದೆ ಇರುತ್ತಾನಾ?

ಎರಡು ದಿನ ಎಲ್ಲರೂ ಆ ಮೊಣಕಾಲಿನ ಸೇವೆಗೆ ನಿಂತರು. ಒಬ್ಬ ದೈವಕ್ಕೆ ಹರಕೆ ಹೇಳಿದ. ಹಮೀದಾಕ ಮಸೀದಿಯ ಉಸ್ತಾದರಲ್ಲಿ ದುವಾ ಮಾಡಿಸಿದರು. ಕ್ಯಾಪ್ಟನ್ ಎಲ್ಲಿಂದಲೋ ಎಣ್ಣೆ ತಂದು ತಿಕ್ಕಿಸಿದ. (ತಿಕ್ಕಬೇಡಿ ಎಂದು ನಾನು ಹೇಳಿದ್ದೆ.) ಜಂಕ್ಷನ್ನಿನಲ್ಲಿ ಹೊಸ ಫ್ಲೆಕ್ಸ್ ಬಿತ್ತು, "ಸಿಂಹಕ್ಕೆ ಗಾಯವಾದರೂ ಸಿಂಹವೇ" ಎಂದು. ಊತ ಇಳಿಯಿತು. ನೋವು ಕಡಿಮೆಯಾಯಿತು. ಅರ್ಧ ಹರಿದ ಲಿಗಮೆಂಟಿನ ದೊಡ್ಡ ಅಪಾಯವೇ ಅದು, ಬೇಗ ಸರಿಯಾದ ಹಾಗೆ ಕಾಣಿಸುತ್ತದೆ.

ಶನಿವಾರ ಹರಿಣಾಕ್ಷಿ ಫೋನ್ ಮಾಡಿದಳು. "ಇವರು ಅಂಗಳದಲ್ಲಿ ಓಡಿ ನೋಡ್ತಾ ಇದ್ದಾರೆ ಡಾಕ್ಟ್ರೆ. ನೀವೊಮ್ಮೆ ಹೇಳಿ." ಫೋನ್ ಕೊಡು ಎಂದೆ. ಜಯಂತ ಬಂದ. ಬೈದೆ. ಬೇಕಾದಷ್ಟು ಬೈದೆ.

"ಇಲ್ಲ ಡಾಕ್ಟ್ರೆ, ಆಡುದಿಲ್ಲ. ದೇವರಾಣೆ ಆಡುದಿಲ್ಲ. ಸುಮ್ಮನೆ ಕೂರ್ಲಿಕ್ಕೆ ಹೋಗುದು."

"ಕೂರುವುದಕ್ಕೆ ಯಾಕೆ ಓಡಿ ನೋಡುವುದು?"

ಫೋನು ಮತ್ತೆ ಹರಿಣಾಕ್ಷಿಯ ಕೈಗೆ ಹೋಯಿತು. ಹಮೀದಾಕರಿಗೂ ಫೋನ್ ಮಾಡಿದೆ. "ನೀವು ಹೆದರ್ಬೇಡಿ ಡಾಕ್ಟ್ರೆ, ನಾನಿದ್ದೇನೆ" ಎಂದರು. ಬದಲಿ ಹಾಕಲು ಆಗಲೂ ಸಮಯವಿತ್ತು. ಅದನ್ನೂ ಹೇಳಿದೆ. ಅವರು ಮಾತು ಬದಲಿಸಿ, ನಮ್ಮ ಮನೆಯ ಬಾತ್‌ರೂಮಿನ ಟೈಲ್ಸ್ ಸರಿಯಾಗಿ ಕೂತಿದೆಯಾ ಎಂದು ಕೇಳಿದರು.

ಭಾನುವಾರ ನಾನು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಯಾರೋ ಕಳಿಸಿದ ವಿಡಿಯೋ ಫೋನಿನಲ್ಲಿತ್ತು. ಕೊನೆಯ ನಿಮಿಷಗಳು. ಕುಂಬ್ರದ ತಂಡ ಸ್ವಲ್ಪದರಲ್ಲಿ ಹಿಂದೆ. ಜನ "ಜಯಂತ, ಜಯಂತ" ಎಂದು ಬೊಬ್ಬೆ ಹಾಕುತ್ತಿದ್ದಾರೆ. ಬೆಂಚಿನಲ್ಲಿ ಅವನು ಮೊಣಕಾಲಿಗೆ ಬ್ಯಾಂಡ್ ಬಿಗಿಯುತ್ತಿದ್ದಾನೆ. ಕ್ಯಾಪ್ಟನ್ ಅವನ ಕಡೆ ನೋಡುತ್ತಾನೆ, ಏನೂ ಹೇಳುವುದಿಲ್ಲ. ಹಮೀದಾಕ ಬೆಂಚಿನ ಹಿಂದೆಯೇ ನಿಂತಿದ್ದಾರೆ. ಜಯಂತ ತಿರುಗಿ ಅವರ ಮುಖ ನೋಡುತ್ತಾನೆ. ಅವರು ತಲೆ ಅಲ್ಲಾಡಿಸುವುದಿಲ್ಲ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಆಮೇಲೆ ಅವನು ಎದ್ದು ಗೆರೆ ಮುಟ್ಟಿ ನಮಸ್ಕರಿಸುತ್ತಾನೆ, ಜನ ಹುಚ್ಚೆದ್ದು ಕೂಗುತ್ತಾರೆ, ಅದನ್ನು ನೋಡಿ ಹಮೀದಾಕರೂ ಚಪ್ಪಾಳೆ ತಟ್ಟುತ್ತಾರೆ.

ರೈಡಿಗೆ ಹೋದ. ಇಬ್ಬರನ್ನು ಮುಟ್ಟಿದ. ತಿರುಗುವಾಗ ಒಬ್ಬ ಎಡಗಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ರಾಶಿಯ ಅಡಿಯಿಂದ ಅವನ ಕೈ ಉದ್ದವಾಗಿ ಬಂದು ಗೆರೆ ಮುಟ್ಟಿತು. ವೀಕ್ಷಕ ವಿವರಣೆಯವ ಗಂಟಲು ಹರಿದುಕೊಳ್ಳುತ್ತಿದ್ದ. ಎಲ್ಲರೂ ಎದ್ದರು. ಜಯಂತ ಏಳಲಿಲ್ಲ. ಪಾದ ಒಂದು ದಿಕ್ಕಿಗಿತ್ತು, ಮಂಡಿ ಬೇರೆ ದಿಕ್ಕಿಗಿತ್ತು. ನಾನು ಫೋನ್ ಕೆಳಗಿಟ್ಟೆ. ಈ ಸಲ ನೋಡಿ ಹೇಳುವುದಕ್ಕೆ ಏನೂ ಇರಲಿಲ್ಲ.

ಕುಂಬ್ರ ಗೆದ್ದಿತು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಒಂದಲ್ಲ, ಎರಡು. ಮೂರು ಕಡೆ ಲಿಗಮೆಂಟ್ ಹರಿದಿತ್ತು. ಮಂಡಿಯ ಪಕ್ಕದಲ್ಲಿ ಹಾದುಹೋಗುವ ನರ ಎಳೆತಕ್ಕೆ ಸಿಕ್ಕಿ ಹಾಳಾಗಿತ್ತು. ಆ ನರ ಹೋದರೆ ಪಾದ ಮೇಲೆತ್ತಲು ಬರುವುದಿಲ್ಲ, ನಡೆಯುವಾಗ ಚಪ್ಪಲಿ ನೆಲಕ್ಕೆ ತಾಗಿ ಎಳೆಯುತ್ತದೆ. ಈಗ ವಾರಕ್ಕೆ ಮೂರು ಸಲ ನನ್ನ ಕ್ಲಿನಿಕ್ಕಿಗೆ ಬರುತ್ತಾನೆ. "ಪಾದ ಎತ್ತು ಜಯಂತ" ಎನ್ನುತ್ತೇನೆ. ಅವನ ಹಣೆಯಲ್ಲಿ ಬೆವರು ಬರುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಪಾದ ಅಲ್ಲೇ ಇರುತ್ತದೆ. ಪಿಕಪ್ ಅಂಗಳದಲ್ಲಿ ನಿಂತಿದೆ.

ತಂಡದವರು ಅವನನ್ನು ಬಿಟ್ಟುಬಿಟ್ಟರು ಎಂದುಕೊಂಡಿರಾ? ಇಲ್ಲವೇ ಇಲ್ಲ. ಆಸ್ಪತ್ರೆಯ ಖರ್ಚೆಲ್ಲ ಹಮೀದಾಕರೇ ನೋಡಿಕೊಂಡರು. ಆಟಗಾರರು ಸರದಿಯಲ್ಲಿ ಹಾಸಿಗೆಯ ಪಕ್ಕ ಮಲಗಿದರು. ಫೈನಲ್ ದಿನ ವೇದಿಕೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವನ ಜೆರ್ಸಿಯ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಮೈಕಿನಲ್ಲಿ ಘೋಷಿಸಿದರು. ಹಮೀದಾಕ ಮಾತಾಡಲು ಹೋಗಿ ಅತ್ತುಬಿಟ್ಟರಂತೆ. ಇವರಲ್ಲಿ ಒಬ್ಬನಾದರೂ ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಬೈಯಲಿಕ್ಕೆ ಯಾರೂ ಸಿಗುವುದಿಲ್ಲ ಮಾರಾಯ್ರೆ.

ಅಡಿಲೇಡಿನ ಲಿಜಿಗೆ ಹೇಳಿದೆ. "ಇಲ್ಲಿನವರಿಗೆ ಮನಸ್ಸೇ ಇಲ್ಲ ಅಂತ ನಾನು ಅಮ್ಮನ ಹತ್ರ ಯಾವಾಗಲೂ ಹೇಳುದು. ಮೂರನೇ ವಾರಕ್ಕೆ ಮನುಷ್ಯನನ್ನು ಮರೆತುಬಿಡ್ತಾರೆ ಅಂತ" ಎಂದಳು. ಕೆಂಪುಮಂಡೆ ಊರುಗೋಲು ಬಿಟ್ಟು ಈಜುಕೊಳದಲ್ಲಿ ನಡೆಯುವ ವಿಡಿಯೋ ಆ ಹೊತ್ತಿಗೆ ಬಂದಿತ್ತು.

ನಮ್ಮ ಕಡೆ ಒಂದು ಮಾತುಂಟು. "ಅವರಿಗೆ ಬೇಜಾರಾಗ್ತದೆ." ಈ ಮಾತಿನ ಮುಂದೆ ಕಾನೂನು, ಡಾಕ್ಟರು, ಬುದ್ಧಿ ಯಾವುದೂ ನಿಲ್ಲುವುದಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದ ಹಿರಿಯರು ಸ್ಕೂಟರಿನಲ್ಲಿ ಪೇಟೆಗೆ ಹೊರಡುತ್ತಾರೆ, ಮನೆಯವರು ಗೇಟಿನವರೆಗೆ ಬಂದು ಆತಂಕದಿಂದ ಕಳಿಸಿಕೊಡುತ್ತಾರೆ. ಕೀ ತೆಗೆದಿಡಬಾರದೇ ಎಂದರೆ, ಛೆ, ಅವರಿಗೆ ಬೇಜಾರಾಗ್ತದೆ. ಕೈ ನಡುಗುವ ಅಡುಗೆ ಭಟ್ಟರನ್ನೇ ಮದುವೆಗೆ ಕರೆಯುತ್ತೇವೆ, ಕುದಿಯುವ ಸಾರಿನ ಕೊಪ್ಪರಿಗೆಯ ಎದುರು ನಿಲ್ಲಿಸುತ್ತೇವೆ. ಮೂವತ್ತು ವರ್ಷದಿಂದ ಅವರೇ ಅಲ್ವಾ, ಈ ಸಲ ಬೇರೆಯವರಿಗೆ ಹೇಳಿದರೆ ಬೇಜಾರಾಗ್ತದೆ. ಎದುರಿನವನ ಮುಖ ಸಣ್ಣದಾಗುವುದನ್ನು ನೋಡುವ ತಾಕತ್ತು ನಮಗಿಲ್ಲ. ಅದಕ್ಕೆ ಅವನ ಕಾಲು ಹೋಗುವುದನ್ನು ನೋಡುತ್ತೇವೆ. ಆಮೇಲೆ ಶಾಲು ಹೊದಿಸುತ್ತೇವೆ.

ನಿಷ್ಠುರವಾಗುವ ಕೆಲಸ ಯಾರದ್ದು? ಹಮೀದಾಕ ಕ್ಯಾಪ್ಟನ್ ಹೇಳಲಿ ಎಂದುಕೊಂಡರು. ಕ್ಯಾಪ್ಟನ್ ಮಾಲೀಕರು ಹೇಳಲಿ ಎಂದುಕೊಂಡ. ಇಬ್ಬರೂ ಸೇರಿ ಡಾಕ್ಟ್ರಮ್ಮ ಹೇಳಲಿ ಎಂದು ನನ್ನನ್ನು ಕರೆಸಿದರು. ಹೇಳಿದಾಗ ಇದು ಫೋನಿನ ಆಟ ಅಲ್ಲ ಎಂದು ನಕ್ಕರು. ಒಬ್ಬ ಮನುಷ್ಯನಿಗೆ ಒಂದು ವಾರ ಅವಮಾನವಾಗುತ್ತಿತ್ತು, ಅಷ್ಟೇ. ಮನೆಯಲ್ಲಿ ಎಳೆ ಹಲಸಿನ ಗುಜ್ಜೆ ಪಲ್ಯ ಉಣ್ಣುತ್ತಾ, ಕುಂಬ್ರದವರನ್ನು ಬೈಯುತ್ತಾ ಕೂತಿರುತ್ತಿದ್ದ. ಮಳೆ ಬರುವಾಗ ಮರೆತಿರುತ್ತಿದ್ದ.

ಕಳೆದ ಶುಕ್ರವಾರ ಅವನು ಒಳಗೆ ವ್ಯಾಯಾಮ ಮಾಡುತ್ತಿದ್ದಾಗ ಹರಿಣಾಕ್ಷಿ ನನ್ನ ಮೇಜಿನ ಎದುರು ಬಂದು ಕೂತಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕ್ಲಚ್ಚಿನ ವಿಷಯ ಕೇಳುತ್ತಾಳೆ ಎಂದುಕೊಂಡು ನಾನು ಉತ್ತರ ಹುಡುಕುತ್ತಿದ್ದೆ. ನರ ಸರಿಯಾಗಬಹುದು, ಆಗದೆಯೂ ಇರಬಹುದು, ಕಾದು ನೋಡಬೇಕು ಎಂದು ಏನೋ ಒಂದು. ಅವಳು ಅದನ್ನು ಕೇಳಲಿಲ್ಲ.

"ಆ ದಿನ ಅಂಗಡಿಯಲ್ಲಿ ಹನ್ನೆರಡು ಗಂಡಸರಿದ್ರಂತೆ ಅಲ್ವಾ ಡಾಕ್ಟ್ರೆ?" ಎಂದಳು.

ಹೌದು ಎಂದೆ.

"ಎಲ್ಲರೂ ಒಳ್ಳೆಯವರು. ನಾನು ಅಲ್ಲ ಅಂತ ಹೇಳುದಿಲ್ಲ. ನಮ್ಮನ್ನು ಈಗಲೂ ನೋಡಿಕೊಳ್ತಾರೆ. ಹಮೀದಾಕ ಮೊನ್ನೆ ಅಕ್ಕಿ ಕಳಿಸಿದ್ದಾರೆ." ಅವಳ ಧ್ವನಿ ಏರಲಿಲ್ಲ. ಒಳಗಿನಿಂದ ಜಯಂತ ಏದುಸಿರು ಬಿಡುವುದು ಕೇಳುತ್ತಿತ್ತು.

"ಇವರ ಮೇಲೆ ಅಷ್ಟು ಪ್ರೀತಿ ಇದ್ದವರಲ್ಲಿ ಒಬ್ಬನಿಗಾದ್ರೂ, ನೀನು ನಮಗೆ ಬೇಡ ಮಾರಾಯ, ಮನೆಗೆ ಹೋಗು ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ವಾ?"